ಲಕ್ವ ಬಡಿದ ಮನೆಯಲ್ಲಿ ಹಾಡು



ಇವತ್ತು ಪಾಟಿ-ಬಳಪ ಸ್ವಲ್ಪ ಬದಿಗಿಡಿ. ಒಂದು ಮನೆಯ ವಿಷಯ ಮಾತಾಡೋಣ. ಅಂಕೋಲಾ ಕಡೆಯ ಮನೆ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನದು. "ನನ್ನ ಕತೆ ಹೇಳಿ ಟೀಚರೇ, ಹೆಸರು ಮಾತ್ರ ಬೇಡ" ಅಂದಿದ್ದಾಳೆ. ಹಾಗಾಗಿ ಬರೀ ಅಕ್ಕ ಅಂತೀನಿ.

ಅವಳ ಗಂಡ ಕಾರವಾರದಿಂದ ಬೋಟಿನಲ್ಲಿ ಮೀನು ಹಿಡಿಯಲು ಹೋಗುತ್ತಿದ್ದ. ಬಿ.ಪಿ. ಇದೆ, ದಿನಾ ಗುಳಿಗೆ ತಿನ್ನಬೇಕು ಅಂತ ಡಾಕ್ಟರು ಹೇಳಿದ್ದರು. ತಲೆನೋವು ಇಲ್ಲ, ಸುಸ್ತಿಲ್ಲ, ಮತ್ತೆ ಗುಳಿಗೆ ಯಾಕೆ ಅಂತ ಬಿಟ್ಟುಬಿಟ್ಟ. 2022ರಲ್ಲಿ ಒಂದು ಬೆಳಿಗ್ಗೆ ಚಾ ಕುಡಿಯುವಾಗ ಲೋಟ ಕೈಯಿಂದ ಜಾರಿತು. ಬಾಯಿ ಒಂದು ಬದಿಗೆ ವಾಲಿತು. ಮಾತು ತೊದಲಿತು. ಬಲಗೈ, ಬಲಗಾಲು ಬಿದ್ದುಹೋಯಿತು.

ಇದೇ ಲಕ್ವ. ಪಾರ್ಶ್ವವಾಯು ಅಂತಲೂ ಹೇಳ್ತಾರೆ. ಗಾಳಿ ಸೋಕಿ ಬರುವುದಲ್ಲ, ಯಾರೋ ಮಾಡಿಸಿದ್ದೂ ಅಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗಡೆಯ ಕೈಕಾಲು ಹೋಗುತ್ತದೆ. ಮಾತೂ ಹೋಗಬಹುದು. ನಾಳ ಕಟ್ಟಿಕೊಂಡಿದ್ದರೆ, ನಾಲ್ಕೂವರೆ ಗಂಟೆಯ ಒಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಬರುತ್ತದೆ. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಆದ್ದರಿಂದ ಬಾಯಿ ವಾಲಿತು, ಕೈ ಮೇಲೆ ಏಳಲಿಲ್ಲ, ಮಾತು ತೊದಲಿತು ಅಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಗಡಿಯಾರ ನೋಡಿ, ಎಷ್ಟು ಗಂಟೆಗೆ ಶುರುವಾಯಿತು ಅಂತ ಡಾಕ್ಟರಿಗೆ ಹೇಳಿ.

ನಮ್ಮ ಅಂಕೋಲಾದ ಬೆಳಂಬಾರದ ಹೆಸರು ದೂರದೂರಿಗೂ ಗೊತ್ತು. ಲಕ್ವಕ್ಕೆ ನಾಟಿ ಔಷಧಿ ಕೇಳಿಕೊಂಡು ಎಲ್ಲೆಲ್ಲಿಂದಲೋ ಜನ ಬಂದಿದ್ದಾರೆ. ನಂಬಿಕೆ ಇದ್ದವರ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆದರೆ ಮೊದಲ ಗಂಟೆಗಳು ಆಸ್ಪತ್ರೆಯವು. ಅವು ಕಳೆದರೆ ತಿರುಗಿ ಬರೋದಿಲ್ಲ.

ಅಕ್ಕನ ಗಂಡ ಬದುಕಿದ. ಆದರೆ ಮಾತು ಬರಲಿಲ್ಲ. ನಾವು ಹೇಳಿದ್ದು ಎಲ್ಲಾ ತಿಳಿಯುತ್ತದೆ, ಉತ್ತರ ಹೇಳಲು ಹೋದರೆ "ಆಂ, ಆಂ" ಅಷ್ಟೇ. ಸಿಟ್ಟು ಬಂದು ತಟ್ಟೆ ದೂಡುತ್ತಾನೆ. ಆಮೇಲೆ ತಾನೇ ಅಳುತ್ತಾನೆ. ಅಕ್ಕ ಬೆಳಿಗ್ಗೆ ಅವನನ್ನು ತೊಳೆದು, ಗಂಜಿ ತಿನ್ನಿಸಿ, ಮೀನು ಮಾರಲು ಹೋಗಬೇಕು. ಮಲಗಿದ್ದಲ್ಲೇ ಹುಣ್ಣಾಗಬಾರದು ಅಂತ ಮೊದಲಿನ ತಿಂಗಳುಗಳಲ್ಲಿ ಎರಡೆರಡು ಗಂಟೆಗೆ ಮಗ್ಗುಲು ಬದಲಿಸುತ್ತಿದ್ದಳು. ರಾತ್ರಿಯೂ.

ದೇವರಿಗೆ ಹರಕೆ ಹೊತ್ತಳು. ಮೊದಲ ವರ್ಷ, "ಇವನನ್ನು ಎಬ್ಬಿಸಿ ನಿಲ್ಲಿಸು ತಾಯಿ" ಅಂತ ಕೇಳುತ್ತಿದ್ದಳಂತೆ. ಈಗ, "ಇವತ್ತಿನ ದಿನ ನನಗೆ ಬೇಜಾರು ಬಾರದ ಹಾಗೆ ಮಾಡು" ಅಂತ ಕೇಳುತ್ತಾಳಂತೆ. ಪಕ್ಕದ ಮನೆಯ ಕ್ರಿಶ್ಚಿಯನ್ ಬಾಯಿ ಅವಳಿಗಾಗಿ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚುತ್ತಾಳೆ. ಹರಕೆಯೂ ಇದೆ, ಬತ್ತಿಯೂ ಇದೆ. ಗುಳಿಗೆಯನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಿಲ್ಲ. ಗುಳಿಗೆ ಬಿಟ್ಟು ಹರಕೆ ಹೊತ್ತರೆ ದೇವಿಗೂ ಸಿಟ್ಟು ಬಂದೀತು!

ಈಗ ಅಸಲು ಮಾತಿಗೆ ಬರ್ತೀನಿ. ಅಕ್ಕ ಒಂದು ವರ್ಷ ಅಂಕೋಲೆಯ ಬಂಡಿಹಬ್ಬಕ್ಕೆ ಅಬ್ಬಲಿಗೆ ಮುಡಿದು ಹೋದಳು. ಗೆಳತಿಯರ ಜೊತೆ ನಕ್ಕಳು. ಅಷ್ಟಕ್ಕೇ ಮಾತು ಬಂತು. "ಗಂಡ ಹಾಸಿಗೆ ಹಿಡಿದಿದ್ದಾನೆ, ಇವಳಿಗೆ ಹೂವು ಎಂತಕ್ಕೆ, ನಗು ಎಂತಕ್ಕೆ?" ಅಕ್ಕ ಎರಡು ವಾರ ನಮ್ಮ ಕೇಂದ್ರಕ್ಕೂ ಬರಲಿಲ್ಲ.

ನಾನು ಕೇಳ್ತೀನಿ, ಅವಳು ಅತ್ತರೆ ಅವನ ಕೈ ಏಳುತ್ತದೆಯೇ? ದಿನವಿಡೀ ದುಡಿದು ಬಂದವಳು ಒಂದು ಗಳಿಗೆ ನಕ್ಕರೆ ಪ್ರೀತಿ ಕಡಿಮೆಯಾಗುತ್ತದೆಯೇ? ಇನ್ನೂ ಒಂದು. ಹೆಂಡತಿ ಮಲಗಿದರೆ ಗಂಡ ಸಿನೆಮಾಕ್ಕೆ ಹೋದರೂ ಯಾರೂ ಏನೂ ಅನ್ನೋದಿಲ್ಲ. ಇದು ಯಾವ ನ್ಯಾಯ, ಅಣ್ಣಂದಿರೇ?

ಕಾರವಾರದ ಕಡಲತೀರಕ್ಕೆ ಟ್ಯಾಗೋರ್ ಹೆಸರಿದೆಯಲ್ಲ, ಆ ರವೀಂದ್ರನಾಥ ಟ್ಯಾಗೋರ್ ತರುಣರಾಗಿದ್ದಾಗ ಇಲ್ಲಿಗೆ ಬಂದಿದ್ದರು. ಅವರ ಅಣ್ಣ ಕಾರವಾರದಲ್ಲಿ ಜಡ್ಜ್ ಆಗಿದ್ದರು. ಮುಂದೆ 1902ರಲ್ಲಿ ಅವರ ಹೆಂಡತಿ ಮೃಣಾಲಿನಿ ದೇವಿ ಕಾಯಿಲೆ ಬಿದ್ದರು. ಅಷ್ಟು ದೊಡ್ಡ ಮನೆತನ, ಆಳುಕಾಳಿಗೆ ಕೊರತೆಯಿಲ್ಲ. ಆದರೂ ಟ್ಯಾಗೋರ್ ತಾವೇ ಪಕ್ಕದಲ್ಲಿ ಕೂತು ಆರೈಕೆ ಮಾಡಿದರು, ಬೀಸಣಿಗೆಯಿಂದ ಗಾಳಿ ಬೀಸಿದರು. ಆಕೆ ಉಳಿಯಲಿಲ್ಲ. ಆ ನವೆಂಬರಿನಲ್ಲಿ ತೀರಿಕೊಂಡರು. ಆರೈಕೆ ಗಂಡಸಿನ ಕೆಲಸವಲ್ಲ ಅನ್ನುವವರು ಇದನ್ನು ನೆನಪಿಡಬೇಕು.

ಅಕ್ಕನ ಕತೆಗೆ ಮರಳೋಣ. ಒಂದು ಸಂಜೆ ಅವಳು ಪಾತ್ರೆ ತೊಳೆಯುತ್ತಾ ಭಜನೆಯ ಹಾಡೊಂದನ್ನು ಗುನುಗುತ್ತಿದ್ದಳು. ಒಳಗಿನಿಂದ ಇನ್ನೊಂದು ದನಿ ಸೇರಿತು. ಗಂಡ! ಎರಡು ಸಾಲು, ಶಬ್ದ ಸಮೇತ ಹಾಡಿದ. "ನೀರು ಕೊಡು" ಅನ್ನಲು ಬಾರದವನು ಹಾಡಿದ. ಅಕ್ಕ ಕೈತುಂಬಾ ಬೂದಿ ಇಟ್ಟುಕೊಂಡೇ ಓಡಿ ಹೋದಳಂತೆ.

ಇದು ಪವಾಡವಲ್ಲ. ಹೆಚ್ಚಿನವರಲ್ಲಿ ಮಾತಿನ ಜಾಗ ಮೆದುಳಿನ ಎಡಭಾಗದಲ್ಲಿದೆ. ರಾಗ ಹಿಡಿಯುವ ಕೆಲಸದಲ್ಲಿ ಬಲಭಾಗದ ಪಾಲು ದೊಡ್ಡದು. ಅದಕ್ಕೇ ಮಾತು ಹೋದ ಕೆಲವರಿಗೆ ಹಳೆಯ ಹಾಡು ಉಳಿದಿರುತ್ತದೆ. ಮಾತು ಕಲಿಸುವ ತಜ್ಞರು ರಾಗದ ಮೂಲಕವೇ ಕೆಲವರಿಗೆ ಮಾತು ಕಲಿಸುತ್ತಾರೆ. ಎಲ್ಲರಿಗೂ ಇದು ಆಗೋದಿಲ್ಲ. ಆದರೆ ಹಾಡು ನಿಂತುಹೋದ ಮನೆಯಲ್ಲಿ ಇದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ನಮ್ಮ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಹಾಡುಗಳ ಕಣಜವೇ ಆಗಿದ್ದರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸಾರಾಯಿ ವಿರುದ್ಧ ಹೋರಾಡಿದ ಆ ಅಜ್ಜಿಗೆ ಕಷ್ಟ ಕಡಿಮೆಯಿತ್ತು ಅಂತ ಯಾರೂ ಹೇಳಲಾರರು. ಹಾಡು ಬಿಟ್ಟಿರಲಿಲ್ಲ.

ಈಗ ಆ ಗಂಡ ಸಂಜೆ ಜಗಲಿಯ ಮೇಲೆ ಕೂರುತ್ತಾನೆ. ಕೈ ಹಾಗೇ ಇದೆ. "ನೀರು" ಅನ್ನುವುದನ್ನು ರಾಗವಾಗಿ ಎಳೆದು ಹೇಳುತ್ತಾನೆ. ಮಕ್ಕಳು ನಗುತ್ತಾರೆ, ಅವನೂ ನಗುತ್ತಾನೆ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಆಗ ಇವನನ್ನು ತಪಾಸಣೆಗೆ ಮಣಿಪಾಲಕ್ಕೆ ಕರೆದೊಯ್ಯುವ ದಿನ ತಪ್ಪಿತು. ಅಕ್ಕ ಹೆದರಲಿಲ್ಲ. ಎಷ್ಟು ಗುಳಿಗೆ ಉಳಿದಿದೆ, ಯಾವ ತಾರೀಕಿನ ತನಕ ಸಾಕು ಅಂತ ನಮ್ಮಲ್ಲಿ ಕಲಿತ ಲೆಕ್ಕದಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಳು. ಹದಿನೈದು ದಿನಕ್ಕೆ ಹೆಚ್ಚೇ ಇತ್ತು.

ಮುಂದಿನ ವಾರ ಬರುವಾಗ ನಿಮ್ಮ ನಿಮ್ಮ ಮನೆಯ ಗುಳಿಗೆ ಪಟ್ಟಿ ತನ್ನಿ, ಖಾಲಿಯಾದದ್ದಾದರೂ ಸರಿ. ಅದರ ಮೇಲಿನ ತಾರೀಕು ಓದುವುದನ್ನು ಕಲಿಯೋಣ. ಅಕ್ಕನೇ ಹೇಳಿಕೊಡ್ತಾಳೆ.