ಜೀಪಿಗೆ ಎರಡನೆಯ ಟ್ಯಾಂಕು



ಕಾನಸೂರಿನಲ್ಲಿ ಶಿರಸಿ–ಸಿದ್ದಾಪುರದ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಮಣ್ಣಿನ ಏರು, ಹಳ್ಳ, ಅಡಿಕೆ ತೋಟದ ಇಳಿಜಾರು. ಅಂಥಲ್ಲಿ ಮೊದಲ ಗೇರಿನಲ್ಲೇ ಗೊಬ್ಬರದ ಮೂಟೆ ಎಳೆಯುವ ಜೀಪು ಓಡಿದ ದೂರ ಕಡಿಮೆ, ಕುಡಿದ ಡೀಸೆಲ್ ಹೆಚ್ಚು. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಬಂಕ್ ತಲುಪುವುದೇ ಕಷ್ಟ. ಇನ್ನೊಂದು ಟ್ಯಾಂಕು ಮಾಡಿಸಿಕೊಳ್ಳೋಣ ಅನ್ನಿಸುವುದು ಸಹಜ. ವೆಲ್ಡಿಂಗ್ ಬಲ್ಲವರೂ ಹತ್ತಿರದಲ್ಲೇ ಸಿಗುತ್ತಾರೆ. ಆದರೆ ಸೋರದ ಪೆಟ್ಟಿಗೆಯೆಲ್ಲ ಟ್ಯಾಂಕಲ್ಲ.

40 ಲೀಟರ್ ಡೀಸೆಲ್ ಸುಮಾರು 33 ಕಿಲೋ ತೂಗುತ್ತದೆ. ಅರ್ಧ ತುಂಬಿದ ಕೊಡ ಹೊತ್ತು ನಡೆದವರಿಗೆ ಅದರ ತುಳುಕಾಟ ಗೊತ್ತು. ಓರೆ ದಾರಿಯಲ್ಲಿ ಆ ಭಾರವೆಲ್ಲ ಒಂದೇ ಮಗ್ಗುಲಿಗೆ ನುಗ್ಗಿದರೆ ಜೀಪು ವಾಲುತ್ತದೆ, ಹೊಡೆತ ತಿಂದು ತಿಂದು ಬೆಸುಗೆಯೂ ಬಿರಿಯುತ್ತದೆ. ಅದಕ್ಕಾಗಿ ಟ್ಯಾಂಕಿನೊಳಗೆ ತೂತು ಕೊರೆದ ಅಡ್ಡತಗಡುಗಳನ್ನು ಬೆಸೆಯಬೇಕು. ಹೊರಗಿನಿಂದ ಕಾಣದ ಕೆಲಸವಾದ್ದರಿಂದ ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಟ್ಯಾಂಕು ಉಸಿರಾಡಲೂ ಬೇಕು. ಡೀಸೆಲ್ ಇಳಿದಂತೆ ಗಾಳಿ ಒಳಗೆ ಬರದಿದ್ದರೆ ಪಂಪಿಗೆ ಎಳೆಯಲಾಗುವುದಿಲ್ಲ. ಬೆಳಗಿನ ತಂಪಿನಲ್ಲಿ ತುಂಬಿದ 40 ಲೀಟರ್, ಬಿಸಿಲಿಗೆ 30 ಡಿಗ್ರಿ ಕಾದರೆ ಸುಮಾರು ಒಂದು ಲೀಟರ್ ಹಿಗ್ಗುತ್ತದೆ. ಹಾಗಾಗಿ ಕಂಠಪೂರ್ತಿ ತುಂಬಬಾರದು. ಗಾಳಿಕೊಳವೆ ಎತ್ತರಕ್ಕೇರಿ ಬಾಯಿ ಕೆಳಗೆ ಬಾಗಿರಬೇಕು, ಜೀಪು ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಇರಬೇಕು. 1930ರ ದಶಕದಲ್ಲಿ ಜರ್ಮನರು ಸೇನೆಗೆಂದು ರೂಪಿಸಿದ 20 ಲೀಟರಿನ ಜೆರ್ರಿಕ್ಯಾನಿನಲ್ಲೂ ಇಂಧನ ಹಿಗ್ಗಲೆಂದು ಹಿಡಿಕೆಯ ಕೆಳಗೆ ಹೀಗೇ ಗಾಳಿಗೆ ಜಾಗ ಬಿಟ್ಟಿದ್ದರು.

ತಗಡು ಯಾವುದು? ಸತುವಿನ ಲೇಪವಿರುವ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲವೆಂದು ಆರಿಸಬೇಡಿ. ಸತು ಡೀಸೆಲಿನೊಂದಿಗೆ ಸೇರಿ ಅಂಟಾಗಿ ಫಿಲ್ಟರನ್ನೂ ಇಂಜೆಕ್ಟರನ್ನೂ ಕಟ್ಟುತ್ತದೆ. ತಾಮ್ರವೂ ಡೀಸೆಲನ್ನು ಬೇಗ ಕೆಡಿಸುವುದರಿಂದ, ಕೊಳೆರೋಗಕ್ಕೆ ಮೈಲುತುತ್ತ ಕರಗಿಸಿದ ಬ್ಯಾರಲ್ ಡೀಸೆಲಿಗೆ ಬೇಡ. ಹಳೆಯ ಡ್ರಮ್ ಕತ್ತರಿಸಿ ಬೆಸೆಯುವುದಂತೂ ಪ್ರಾಣಾಪಾಯ: ಖಾಲಿಯಾಗಿ ಕಂಡರೂ ಒಳಗೆ ಉಳಿದ ಆವಿ ಬೆಂಕಿ ತಾಗಿದೊಡನೆ ಸಿಡಿಯುತ್ತದೆ. ಹೊಸ ಉಕ್ಕಿನ ತಗಡನ್ನೇ ತನ್ನಿ.

ಇನ್ನು ಜೋಡಣೆ. ಡೀಸೆಲ್ ಇಂಜಿನ್ನು ಎಳೆದುಕೊಂಡದ್ದನ್ನೆಲ್ಲ ಉರಿಸುವುದಿಲ್ಲ. ಉಳಿದದ್ದನ್ನು ಇನ್ನೊಂದು ಪೈಪಿನಲ್ಲಿ ಮೊದಲ ಟ್ಯಾಂಕಿಗೆ ಹಿಂದಿರುಗಿಸುತ್ತದೆ. ಹೊಸ ಟ್ಯಾಂಕಿನಿಂದ ನೇರ ಇಂಜಿನ್ನಿಗೆ ಕೊಟ್ಟು, ಮರಳುವ ಪೈಪನ್ನು ಹಾಗೇ ಬಿಟ್ಟರೆ ಹಳೆಯ ಟ್ಯಾಂಕು ತುಂಬಿ ಹೊರಗೆ ಚೆಲ್ಲುತ್ತದೆ. ಸುಲಭದ ದಾರಿಯೆಂದರೆ ಹೊಸದು ಬರೀ ಕಣಜವಾಗಿರಲಿ. ಮೊದಲ ಟ್ಯಾಂಕು ಅರ್ಧಕ್ಕಿಳಿದಾಗ ಸಣ್ಣ ವಿದ್ಯುತ್ ಪಂಪಿನಿಂದ ಅದಕ್ಕೆ ದಾಟಿಸಿಕೊಳ್ಳಿ. ಇದಕ್ಕೆ ಡೀಸೆಲ್ ತಾಳುವ ಹೋಸ್ ಬೇಕು, ತೋಟದ ನೀರಿನ ಪೈಪಲ್ಲ. ಎಳೆಯುವ ಕೊಳವೆ ತಳಕ್ಕಿಂತ ಅರ್ಧ ಇಂಚು ಮೇಲಿರಲಿ, ತಳದಲ್ಲಿ ಬಿಚ್ಚುವ ಬೋಲ್ಟ್ ಇರಲಿ. ನಮ್ಮ ಮಳೆಗಾಲದ ತೇವಕ್ಕೆ ಅರ್ಧ ಖಾಲಿ ಟ್ಯಾಂಕಿನ ಗೋಡೆಯಲ್ಲಿ ನೀರು ಹನಿಗಟ್ಟಿ ತಳ ಸೇರುತ್ತದೆ. ಆಗಾಗ ಅದನ್ನು ಇಳಿಸಬೇಕು. ಟ್ಯಾಂಕು ಕೂರಿಸುವ ಜಾಗ ಸೈಲೆನ್ಸರಿನಿಂದ ದೂರವಿರಲಿ. ಜನ ಕೂರುವ ಒಳಭಾಗದಲ್ಲಂತೂ ಬೇಡವೇ ಬೇಡ.

ಇಷ್ಟು ಹೇಳಿದ್ದೆಲ್ಲ ಡೀಸೆಲಿಗೆ. ಪೆಟ್ರೋಲಿನ ಆವಿ ನಮ್ಮೂರಿನ ಎಂಥ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಪೆಟ್ರೋಲಿಗೆ ಮನೆಯಲ್ಲಿ ಮಾಡಿದ ಟ್ಯಾಂಕು ಯಾವ ಕಾರಣಕ್ಕೂ ಬೇಡ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನವನ್ನು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಬದಲಿಸುವುದನ್ನು ತಡೆಯುತ್ತದೆ. ಅಪಘಾತವಾದರೆ ವಿಮೆಯವರೂ ಈ ಬದಲಾವಣೆಯ ಪ್ರಶ್ನೆ ಎತ್ತಬಹುದು.

ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಓಡಾಟಕ್ಕೆ ಹೆಚ್ಚಿನವರಿಗೆ ಬಿಗಿಯಾಗಿ ಕಟ್ಟಿದ ಒಂದು ಒಳ್ಳೆಯ ಲೋಹದ ಕ್ಯಾನೇ ಸಾಕೆಂದು ನನ್ನ ಅಭಿಪ್ರಾಯ. ಅದೂ ಸಾಲದು, ಟ್ಯಾಂಕೇ ಬೇಕು ಎನ್ನುವವರು ತಗಡು ಕತ್ತರಿಸುವ ಮೊದಲು ಶಿರಸಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ದಯವಿಟ್ಟು.