ಕಾರಣ ಯಾವುದು, ತಪ್ಪು ಯಾರದು?

ನಾನು ಕಲಿತದ್ದು ಕನ್ನಡ ಪಂಡಿತನ ವಿದ್ಯೆ. ಶಾಲೆಯಲ್ಲಿ ಚರಿತ್ರೆಯ ಉಪಾಧ್ಯಾಯರ ಸ್ಥಾನ ತೆರವಾಗಿದ್ದ ಒಂದು ವರ್ಷ ಆ ಪಾಠವೂ ನನ್ನ ಪಾಲಿಗೆ ಬಂತು. ಮಧ್ಯಯುಗದ ಮಹಾಮಾರಿಯ ಪಾಠದ ದಿನ ಹಲಗೆಯ ನಡುವೆ ಗೆರೆ ಎಳೆದು, ಒಂದು ಬದಿಗೆ ‘ಕಾರಣಗಳು’, ಇನ್ನೊಂದು ಬದಿಗೆ ‘ಪರಿಣಾಮಗಳು’ ಎಂದು ಬರೆದೆ. ದೇವದುರ್ಗದ ಕಡೆಯಿಂದ ರಾಯಚೂರಿಗೆ ಓದಲು ಬಂದಿದ್ದ ಹುಡುಗನೊಬ್ಬ ಎದ್ದು ಕೇಳಿದ: “ಸರ್, ಕಾರಣ ಅಂದ್ರ ಯಾರ್ದು ತಪ್ಪು ಅಂತ ಬರೀಬೇಕೇನ್ರೀ?”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಉತ್ತರವೂ ತೋಚಲಿಲ್ಲ.

1347ರಲ್ಲಿ ಸಿಸಿಲಿಯ ಮೆಸ್ಸೀನಾ ಬಂದರಿಗೆ ಹಡಗುಗಳ ಜೊತೆ ಬಂದ ಪ್ಲೇಗು, ನಾಲ್ಕೈದು ವರ್ಷಗಳಲ್ಲಿ ಯುರೋಪಿನ ಜನರಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಮಂದಿಯನ್ನು ಒಯ್ದಿತು. ಕಾರಣ ತಿಳಿಯದ ಜನ ತಪ್ಪಿತಸ್ಥರನ್ನು ಹುಡುಕಿದರು. ಬಾವಿಗೆ ವಿಷ ಹಾಕಿದರೆಂದು 1349ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಯಹೂದಿಗಳನ್ನು ಸುಟ್ಟರು. ಆ ಯಹೂದಿಗಳೂ ಅದೇ ಬೇನೆಯಿಂದ ಸಾಯುತ್ತಿದ್ದಾರಲ್ಲ ಎಂದು ಪೋಪರೇ ಹೇಳಿದ್ದರೂ ಕೇಳುವವರಿರಲಿಲ್ಲ. ಇತ್ತ ದುಡಿಯುವ ಕೈ ಕಡಿಮೆಯಾಗಿ ಕೂಲಿ ಏರಿತು. ಹಳೆಯ ಕೂಲಿಗೇ ದುಡಿಯಬೇಕೆಂದು 1351ರಲ್ಲಿ ಇಂಗ್ಲೆಂಡಿನವರು ಕಾಯಿದೆ ಮಾಡಿದರು.

ಇದು ದೂರದ ಮಾತಾಯಿತು. ನಮ್ಮ ರಾಯಚೂರು ಬಿಜಾಪುರದ ಆದಿಲ್‌ಶಾಹಿ ರಾಜ್ಯಕ್ಕೆ ಸೇರಿದ್ದ ಸೀಮೆ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. 1688ರಲ್ಲಿ ಅವನ ದಂಡು ಅಲ್ಲಿ ಬೀಡುಬಿಟ್ಟಿದ್ದಾಗ ಗಂಟಿನ ಬೇನೆ ಹಬ್ಬಿತು. ಬಾದಶಹನ ಪತ್ನಿ ಔರಂಗಾಬಾದಿ ಮಹಲಳೂ ಅದಕ್ಕೆ ತುತ್ತಾದಳು. ಗೆದ್ದವರು, ಸೋತವರು ಎಂಬ ಭೇದ ಬೇನೆಗೆ ಇರಲಿಲ್ಲ.

ಅದಕ್ಕೂ ಸುಮಾರು 70 ವರ್ಷ ಮೊದಲು ಆಗ್ರಾದ ಒಂದು ಮನೆಯಲ್ಲಿ ನಡೆದದ್ದನ್ನು ಜಹಾಂಗೀರ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಅಂಗಳದಲ್ಲಿ ಇಲಿಯೊಂದು ಕುಡಿದವರಂತೆ ಬೀಳುತ್ತ ಏಳುತ್ತ ಓಡಾಡಿತು. ಬೆಕ್ಕಿಗೆ ಎಸೆದರೆ ಬೆಕ್ಕು ಕಚ್ಚಿ ಬಿಟ್ಟುಬಿಟ್ಟಿತು. ಕೆಲವೇ ದಿನಗಳಲ್ಲಿ ಆ ಮನೆಯ ಜನ ಒಬ್ಬೊಬ್ಬರಾಗಿ ಸತ್ತರು. ಇಲಿಯನ್ನು ಕಂಡವರಿದ್ದರು, ಅದರ ಅರ್ಥ ಬಲ್ಲವರಿರಲಿಲ್ಲ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವೈದ್ಯ ರೋಗಾಣುವನ್ನು ಗುರುತಿಸಿದ. 1898ರಲ್ಲಿ ಕರಾಚಿಯಲ್ಲಿ ಸಿಮಂಡ್ ಎಂಬಾತ ಚಿಗಟದ ಪಾತ್ರವನ್ನು ತೋರಿಸಿಕೊಟ್ಟ. ಕಾಳಿನ ಜೊತೆ ಇಲಿ, ಇಲಿಯ ಮೈಮೇಲೆ ಚಿಗಟ, ಚಿಗಟದ ಹೊಟ್ಟೆಯಲ್ಲಿ ರೋಗಾಣು: ಇಷ್ಟೇ ಸರಪಳಿ.

ಇದನ್ನು ಹೇಳಿದಾಗ ಮಾನ್ವಿಯ ಹುಡುಗಿಯೊಬ್ಬಳು ತನ್ನ ಮುತ್ತಜ್ಜಿಯ ಕಾಲದ ಮಾತೊಂದನ್ನು ನೆನೆದಳು. ಮನೆಯಲ್ಲಿ ಇಲಿ ಬಿದ್ದು ಸತ್ತರೆ ಊರವರು ಮಾರಿಗೆ ಹರಕೆ ಹೊತ್ತು, ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ನಮ್ಮ ನುಡಿಯಲ್ಲಿ ಮಾರಿಯೆಂದರೆ ದೇವಿಯೂ ಹೌದು, ಬೇನೆಯೂ ಹೌದು. ಆದರೆ ಹೊಲಕ್ಕೆ ಹೋದದ್ದು ವಿವೇಕ. ಸತ್ತ ಇಲಿಯನ್ನು ಬಿಟ್ಟ ಚಿಗಟ ಮನುಷ್ಯನ ಮೈ ಹುಡುಕುವ ಮೊದಲೇ ಅವರು ದೂರವಾಗುತ್ತಿದ್ದರು. ಶಾಸ್ತ್ರ ತಿಳಿಯದವರ ಕಣ್ಣು ಕುರುಡಾಗಿರಲಿಲ್ಲ.

ದೇವದುರ್ಗದ ಹುಡುಗ ಸಂಜೆ ಒಬ್ಬನೇ ಬಂದ. ಅವನ ತಂದೆ ಬೆಂಗಳೂರಿನಲ್ಲಿ ಕಟ್ಟಡದ ಕೂಲಿ. 2020ರಲ್ಲಿ ಕೊರೋನಾ ಬಂದು ಕೆಲಸ ನಿಂತಾಗ ಊರಿಗೆ ಮರಳಿದರು. “ಬ್ಯಾನಿ ತಂದವ್ರು ಇವ್ರೇ” ಎಂದರಂತೆ ಕೆಲವರು. ಬಾವಿಯ ಹತ್ತಿರವೂ ಬರಗೊಡಲಿಲ್ಲವಂತೆ. ಅವರಿಗೆ ಬೇನೆಯೇ ಇರಲಿಲ್ಲ. ಆ ಹುಡುಗ ಐದು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ನಾನು ಪಾಠದ ಪ್ರಶ್ನೆಯೆಂದು ತಿಳಿದಿದ್ದೆ.

ಬಂದವರನ್ನು ಕೆಲವು ದಿನ ಬೇರೆ ಇರಿಸುವುದು ಎಚ್ಚರಿಕೆ. ಅವರ ಮೇಲೆ ತಪ್ಪು ಹೊರಿಸುವುದು ಬೇರೆಯೇ ಮಾತು. ಕಾರಣ ತಿಳಿದರೆ ಬೇನೆಗೆ ದಾರಿ ಕಟ್ಟಬಹುದು. ತಪ್ಪು ಹೊರಿಸಿದರೆ ನೆರೆಯವರ ಬಾಗಿಲು ಮುಚ್ಚುತ್ತದೆ, ಬೇನೆ ತನ್ನ ದಾರಿಯಲ್ಲಿ ಬರುತ್ತಲೇ ಇರುತ್ತದೆ.

ಮರುದಿನ ಹಲಗೆಯ ಮೇಲೆ ಎರಡು ಗೆರೆ ಎಳೆದೆ. ಮೂರನೆಯ ಬದಿಗೆ ‘ಹೊರಿಸಿದ ತಪ್ಪುಗಳು’ ಎಂದು ಬರೆದು ಸೀಮೆಸುಣ್ಣವನ್ನು ಆ ಹುಡುಗನ ಕೈಗೆ ಕೊಟ್ಟೆ.