ಜೂನ್ 17ಕ್ಕ ಹೇಳಿದ್ರೋ, ಜೂನ್ 17ಕ್ಕ ಬರತಾವ ಅಂದ್ರೋ?

(ಮಿರಜದಲ್ಲಿ ಗಡಿ ತಾಲೂಕುಗಳ ಕನ್ನಡ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಓದೋದಕ್ಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)

ಜತ್ತ, ಕವಠೆಮಹಾಂಕಾಳ, ಶಿರೋಳ ಕಡೆಯಿಂದ ಬಂದೀರಿ. ಸಂಜಿ ಬಸ್ಸಿನ ಚಿಂತಿ ನನಗೂ ಗೊತ್ತೈತಿ, ಬಾಳ ಹೊತ್ತು ಹಿಡಿಯಂಗಿಲ್ಲ.

ಗಡಿ ಅಂದ ಕೂಡಲೇ ಭಾಷಣ ಎಲ್ಲಿಗೆ ಹೋಗತದ ಅನ್ನೋದು ನಿಮಗ ಬಾಯಿಪಾಠ ಆಗೇದ. ಮಹಾಜನ ವರದಿ, ಕೋರ್ಟು, ಬೋರ್ಡು. ಇವತ್ತು ಅದು ಬ್ಯಾಡ. ಇಂಗ್ಲಿಷ್ ವ್ಯಾಕರಣದ ಒಂದು ಸಣ್ಣ ಸಂಗತಿ ಹೇಳತೀನಿ. ನಗಬ್ಯಾಡ್ರಿ ತಮ್ಮಾ. ಈ ಸಣ್ಣ ಸಂಗತಿಯಿಂದಲೇ ನಾನು ಬರೆದ ಒಂದು ಅರ್ಜಿ ನೆಲ ಕಚ್ಚಿತ್ತು.

ಕೆಲವು ವರ್ಷದ ಹಿಂದಿನ ಮಾತು. ನಮ್ಮೂರ ಕನ್ನಡ ಶಾಲೆ ಶುರು ಆದ್ರೂ ಪಠ್ಯಪುಸ್ತಕ ಬಂದಿರಲಿಲ್ಲ. ಜೂನ್ 17ಕ್ಕ ನಾವು ನಾಲ್ಕು ಮಂದಿ ಒಂದು ಕಚೇರಿಗೆ ಹೋಗಿ ಕೇಳಿದ್ವಿ. ಅಲ್ಲಿದ್ದ ಸಾಹೇಬ್ರು, 'ಪುಸ್ತಕ ಬರತಾವ, ನೀವು ಹೋಗ್ರಿ' ಅಂದ್ರು. ಜುಲೈ ಅರ್ಧ ಮುಗೀತು, ಪುಸ್ತಕ ಇಲ್ಲ. ಮ್ಯಾಲಿನ ಕಚೇರಿಗೆ ಅರ್ಜಿ ಹಾಕೋಣ ಅಂತ ಠರಾವು ಆತು. ಊರಾಗ ಇಂಗ್ಲಿಷ್ ಬಲ್ಲವ ನಾನೇ ಅಂತ ಎಲ್ಲಾರೂ ನನ್ನ ಕೈಗೆ ಪೆನ್ನು ಕೊಟ್ರು. ನಾನು ಎದಿ ಉಬ್ಬಿಸಿ ಬರದೆ: 'ದೇ ಟೋಲ್ಡ್ ಅಸ್ ದ್ಯಾಟ್ ದ ಬುಕ್ಸ್ ವುಡ್ ಕಮ್ ಆನ್ 17 ಜೂನ್.'

ಉತ್ತರ ಬಂತು. ಸಂಬಂಧಪಟ್ಟ ಕಚೇರಿಯನ್ನು ವಿಚಾರಿಸಲಾಗಿದೆ, ಜೂನ್ 17ರಂದು ಪುಸ್ತಕ ಬರುತ್ತವೆ ಎಂದು ಯಾರೂ ಭರವಸೆ ಕೊಟ್ಟಿಲ್ಲ, ಆದ್ದರಿಂದ ಅರ್ಜಿ ನಿಕಾಲಿ ಮಾಡಲಾಗಿದೆ. ಇಷ್ಟೇ ಸಾರಾಂಶ. ಸಿಟ್ಟು ಬಂತು. ಆಮೇಲೆ ನನ್ನ ಅರ್ಜಿಯ ಪ್ರತಿ ತಗದು ಓದಿದೆ. ಅವರ ಉತ್ತರ ಸುಳ್ಳಾಗಿರಲಿಲ್ಲ, ನನ್ನ ವಾಕ್ಯ ಸುಳ್ಳಾಗಿತ್ತು. 'ಜೂನ್ 17ಕ್ಕ ಹೇಳಿದ್ರು' ಅನ್ನೋದು ನನ್ನ ಮನಸ್ಸಿನ್ಯಾಗ ಇತ್ತು. ಹಾಳಿ ಮ್ಯಾಲ ಇದ್ದದ್ದು 'ಜೂನ್ 17ಕ್ಕ ಬರತಾವ ಅಂತ ಹೇಳಿದ್ರು'. ಎರಡನೇ ಅರ್ಜಿ ಹಾಕಿ, ಓಡಾಡಿ, ಪುಸ್ತಕ ಕೈಗೆ ಬರೋದ್ರಾಗ ಗಣಪತಿ ಹಬ್ಬ ಮುಗಿದಿತ್ತು.

ತಪ್ಪು ಹ್ಯಾಂಗಾತು ನೋಡ್ರಿ. ನಮ್ಮ ಕನ್ನಡದಾಗ 'ಅಂತ' ಅನ್ನೋದು ಹೊಲದ ಬದು ಇದ್ದಂಗ. 'ಪುಸ್ತಕ ಬರತಾವ ಅಂತ ಜೂನ್ 17ಕ್ಕ ಹೇಳಿದ್ರು.' ಬದುವಿನ ಆಚೆ ಅವರು ಆಡಿದ ಮಾತು, ಈಚೆ ಅವರು ಹೇಳಿದ ಕೆಲಸ. ತಾರೀಖು 'ಅಂತ' ಆದ ಮ್ಯಾಲ ಬಂತಂದ್ರ ಅದು ಹೇಳಿದ ತಾರೀಖು. ಅನುಮಾನಕ್ಕೆ ಜಾಗಾನೇ ಇಲ್ಲ.

ಇಂಗ್ಲಿಷಿನ ಬದು 'ದ್ಯಾಟ್'. ಆದ್ರ ಹೊಲ ಉಲ್ಟಾ. 'ಹೇಳಿದ್ರು' ಮೊದಲು, ಆಮೇಲೆ 'ದ್ಯಾಟ್', ಆಮೇಲೆ ಆಡಿದ ಮಾತು. ಅಂದ್ರ ವಾಕ್ಯದ ಕಡೀ ತುದಿ ಯಾರ ಹೊಲದಾಗ ಬೀಳತದ? ಆಡಿದ ಮಾತಿನ ಹೊಲದಾಗ. ಶಾಲ್ಯಾಗ ನಮಗ 'ಕಾಲ ಸೂಚಿಸೋ ಪದ ವಾಕ್ಯದ ಕೊನೆಗೆ ಇಡ್ರಿ' ಅಂತ ಕಲಿಸ್ಯಾರ. ಸಣ್ಣ ವಾಕ್ಯಕ್ಕ ಅದು ಸರಿ. 'ದ್ಯಾಟ್' ಇರೋ ವಾಕ್ಯದಾಗ ತಾರೀಖನ್ನ ಕಣ್ಣು ಮುಚ್ಚಿ ಕೊನೆಗೆ ಒಗದ್ರ ನಿಮ್ಮ ತಾರೀಖು ಬದು ದಾಟಿ ಪಕ್ಕದವರ ಹೊಲಕ್ಕ ಹೋಗತದ.

ಹಂಗಾದ್ರ ಎಲ್ಲಿ ಇಡಬೇಕು? ಕ್ರಿಯಾಪದಕ್ಕೂ 'ದ್ಯಾಟ್'ಗೂ ನಡುವೆ. 'ದೇ ಟೋಲ್ಡ್ ಅಸ್ ಆನ್ 17 ಜೂನ್ ದ್ಯಾಟ್ ದ ಬುಕ್ಸ್ ವುಡ್ ಕಮ್.' ಈಗ ತಾರೀಖು 'ಟೋಲ್ಡ್'ಗೆ ಅಂಟಿಕೊಂತು.

ಹಿಂಗ ಬರಿಯಾಕ ನಮ್ಮ ಹುಡುಗರು ಹೆದರತಾರ, ಅದಕ್ಕೂ ಒಂದು ಕಾರಣ ಐತಿ. 'ಕ್ರಿಯಾಪದ, ಕರ್ಮ, ಇವೆರಡರ ನಡುವೆ ಕ್ರಿಯಾವಿಶೇಷಣ ತುರುಕಬ್ಯಾಡ್ರಿ' ಅಂತ ಇನ್ನೊಂದು ಪಾಠ ತಲ್ಯಾಗ ಕುಂತಿರತದ. ಆ ಪಾಠಾನೂ ಖರೆ. 'ಹೀ ರೆಡ್ ಕೇರ್‌ಫುಲಿ ದ ಲೆಟರ್' ಅಂದ್ರ ಇಂಗ್ಲಿಷ್ ಕಿವಿಗೆ ಚುಚ್ಚತದ, 'ರೆಡ್ ದ ಲೆಟರ್ ಕೇರ್‌ಫುಲಿ' ಅನ್ನಬೇಕು. ಆದ್ರ 'ಲೆಟರ್' ಹಗುರ ಪದ. 'ದ್ಯಾಟ್' ಹಿಂದ ಬರೋದು ಇಡೀ ಉಪವಾಕ್ಯ, ಭಾರದ ಮೂಟೆ. ಇಂಗ್ಲಿಷಿನವರು ಭಾರದ ಮೂಟೆ ಕಡೀಗೆ ಇಡತಾರ, ಸಣ್ಣ ಗಂಟು ಅದರ ಮುಂಚೆ. ಅದಕ್ಕೇ 'ಹೀ ಎಕ್ಸ್‌ಪ್ಲೇನ್ಡ್ ಕೇರ್‌ಫುಲಿ ದ್ಯಾಟ್...' ಅನ್ನೋದು ಪೂರಾ ಸರಿ.

ಇನ್ನೊಂದು ಮಾತು. ಇಂಗ್ಲಿಷಿನ್ಯಾಗ 'ಸೆಡ್', 'ಥಿಂಕ್' ಆದ ಮ್ಯಾಲ 'ದ್ಯಾಟ್' ಬಿಡಬಹುದು. ಆದ್ರ ನಡುವೆ ಕಾಲದ ಪದ ಕುಂತಾಗ ಬಿಡಬ್ಯಾಡ್ರಿ. 'ಹೀ ಸೆಡ್ ಯೆಸ್ಟರ್‌ಡೇ ದ ಟೀಚರ್ ಲೆಫ್ಟ್' ಅಂತ ಬರದ್ರ ನಿನ್ನೆ ಹೇಳಿದನೋ, ಮಾಸ್ತರ ನಿನ್ನೆ ಹೋದರೋ? ಆ 'ಯೆಸ್ಟರ್‌ಡೇ' ಎರಡೂ ಕಡೆ ಮುಖ ಮಾಡಿ ನಿಂತದ. 'ದ್ಯಾಟ್' ಹಾಕಿದ್ರ ಒಂದು ಕಡೆ ತಿರುಗತದ. ಇದು ನನ್ನ ಸ್ವಂತ ಕಂಡುಹಿಡಿದದ್ದಲ್ಲ. ಅಮೆರಿಕಾದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ವರದಿಗಾರರ ಕೈಪಿಡಿಯೊಳಗ ಇದನ್ನೇ ಹೇಳತದ: ಕ್ರಿಯಾಪದಕ್ಕೂ ಉಪವಾಕ್ಯಕ್ಕೂ ನಡುವೆ ಕಾಲದ ಪದ ಬಂದ್ರ 'ದ್ಯಾಟ್' ಇಟ್ಟುಕೊಳ್ಳಿ.

ತಾರೀಖಿಗೆ ಅಷ್ಟೇ ಅಲ್ಲ. 'ಪ್ರಾಮಿಸ್ಡ್ ಇನ್ ರೈಟಿಂಗ್ ದ್ಯಾಟ್' ಅಂದ್ರ ಅವರು ಮಾತು ಕೊಟ್ಟದ್ದೇ ಲೇಖಿಯಾಗಿ. 'ಇನ್ ರೈಟಿಂಗ್' ಕೊನೆಗೆ ಹೋಗಿ 'ಪ್ರಾಮಿಸ್ಡ್ ದ್ಯಾಟ್ ದೇ ವುಡ್ ರಿಪ್ಲೈ ಇನ್ ರೈಟಿಂಗ್' ಆದ್ರ ಮಾತು ಬಾಯಿಮಾತು, ಮುಂದ ಬರೋ ಉತ್ತರ ಲೇಖಿ. ಎಷ್ಟು ಫರಕು! ಇನ್ನು 'ಓನ್ಲಿ' ಅನ್ನೋದಂತೂ ಹಾವು. 'ಸೆಡ್ ಓನ್ಲಿ ದ್ಯಾಟ್ ದ ಟೀಚರ್ ವುಡ್ ಕಮ್' ಅಂದ್ರ ಅಷ್ಟೇ ಹೇಳಿದ್ರು, ಬ್ಯಾರೆ ಏನೂ ಹೇಳಲಿಲ್ಲ. 'ಸೆಡ್ ದ್ಯಾಟ್ ಓನ್ಲಿ ದ ಟೀಚರ್ ವುಡ್ ಕಮ್' ಅಂದ್ರ ಮಾಸ್ತರ ಒಬ್ಬರೇ ಬರತಾರ, ಪುಸ್ತಕ ಬರಂಗಿಲ್ಲ.

ನಡುವೆ ಇಡೋ ಗಂಟು ಬಾಳ ದೊಡ್ಡದಾದ್ರ, ಅಂದ್ರ ತಾರೀಖು, ವೇಳೆ, ಯಾರ ಯಾರ ಎದುರು ಎಲ್ಲಾ ಸೇರಿದ್ರ, ಅದನ್ನ ವಾಕ್ಯದ ತಲಿಗೇ ತರ್ರಿ. 'ಆನ್ 17 ಜೂನ್, ಇನ್ ಫ್ರಂಟ್ ಆಫ್ ಫೋರ್ ಪೇರೆಂಟ್ಸ್, ದೇ ಟೋಲ್ಡ್ ಅಸ್ ದ್ಯಾಟ್...' ಅಷ್ಟೇ.

ಕನ್ನಡದಾಗ ಎಲ್ಲಾ ಸ್ವಚ್ಛ, ಇಂಗ್ಲಿಷಿನ್ಯಾಗ ಮಾತ್ರ ಗೊಂದಲ ಅಂತ ತಿಳೀಬ್ಯಾಡ್ರಿ. ಇದೇ ಮಿರಜದ ದವಾಖಾನಿಗಳಿಗೆ ಬೆಳಗಾವಿ, ವಿಜಯಪುರ ಕಡೆಯಿಂದ ನಮ್ಮ ಮಂದಿ ಬರತಾರ. 'ಸೋಮವಾರ ಆಪರೇಷನ್ ಮಾಡತೀವಿ ಅಂತ ಡಾಕ್ಟರ್ ಹೇಳ್ಯಾರ' ಅಂತ ಊರಿಗೆ ಮೆಸೇಜ್ ಹಾಕತಾರ. ಸೋಮವಾರ ಹೇಳಿದ್ದೋ, ಸೋಮವಾರ ಮಾಡೋದೋ? ಬಾಯಿಲೆ ಹೇಳಿದ್ರ 'ಸೋಮವಾರ' ಆದ ಮ್ಯಾಲ ಉಸಿರು ನಿಲ್ಲಿಸಿ ತೋರಸತೀವಿ. ಮೆಸೇಜಿನ್ಯಾಗ ಉಸಿರು ಕಾಣಂಗಿಲ್ಲ. 'ಅಂತ' ಆದ ಮ್ಯಾಲ ಇಟ್ರ ಮುಗೀತು.

ಈ ವಿಷಯದಾಗ ಗಡಿ ಹುಡುಗರು ಬೆಂಗಳೂರಿನವರಿಗಿಂತ ಒಂದು ಹೆಜ್ಜಿ ಮುಂದ ಅದೀರಿ ಅಂತ ನನ್ನ ಅಭಿಪ್ರಾಯ. ಯಾಕಂದ್ರ ನಿಮಗ ಮರಾಠಿ ಬರತದ. 'ಸಾಹೇಬಾಂನಿ ಸೋಮವಾರಿ ಸಾಂಗಿತಲಂ ಕೀ ಪುಸ್ತಕಂ ಯೇತೀಲ.' ಈ 'ಕೀ' ಇಂಗ್ಲಿಷಿನ 'ದ್ಯಾಟ್' ಇದ್ದಂಗ, ಹೇಳಿದ್ದು ಮೊದಲು, ಮಾತು ಆಮೇಲೆ. ಅದೇ ಮರಾಠಿಯೊಳಗ 'ಪುಸ್ತಕಂ ಯೇತೀಲ ಅಸಂ ಸೋಮವಾರಿ ಸಾಂಗಿತಲಂ' ಅಂತ ನಮ್ಮ 'ಅಂತ'ದ ಬಾಗಿಲೂ ಐತಿ. ದಖನಿ ಉರ್ದು ಆಡೋ ಗೆಳೆಯರನ್ನ ಕೇಳ್ರಿ, ಅವರು 'ಬೋಲ್‌ಕೆ' ಅಂತ ಕೊನೆಗೆ ಸೇರಸತಾರ, ಅದೂ ನಮ್ಮ 'ಅಂತ'ದ ರೀತಿನೇ. ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿಯ ಕನ್ನಡ, ಮರಾಠಿ, ಉರ್ದು ಒಂದಕ್ಕೊಂದು ಹ್ಯಾಂಗ ಹೊಂದಿಕೊಂಡಾವ ಅಂತ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಆ ಹಳ್ಳಿಯನ್ನ ಅವರು 'ಕುಪ್ವಾರ್' ಅಂತ ಕರೆದರು. ಪದ ಬ್ಯಾರೆ, ವಾಕ್ಯದ ಕಟ್ಟು ಒಂದೇ ಅನ್ನುವಷ್ಟು ಹತ್ತಿರ ಬಂದಾವ ಅನ್ನೋದು ಅವರ ಮಾತು. ಜಗತ್ತಿನ ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಅದನ್ನ ಓದತಾರ. ನಾವು ಮಾತ್ರ ನಮ್ಮ ಮಾತನ್ನ 'ಕಲಬೆರಕೆ' ಅಂತ ನಾಚಿಕೊಂಡು ಕುಂತೀವಿ.

ಹಾಂ, ಇಲ್ಲೇ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ್ಯಾಗ ರಂ.ಶ್ರೀ. ಮುಗಳಿ ಕನ್ನಡ ಕಲಿಸಿದ್ರು. ಇಂಗ್ಲಿಷ್ ಪ್ರಾಧ್ಯಾಪಕ, ಕನ್ನಡದ ಕವಿ ವಿ.ಕೃ. ಗೋಕಾಕ ಅಲ್ಲೇ ಪ್ರಿನ್ಸಿಪಾಲ್ ಆಗಿದ್ರು. ಇಂಗ್ಲಿಷ್ ಕಲಿತ್ರ ಕನ್ನಡ ಹೋಗತದ ಅನ್ನೋರಿಗೆ ಈ ಎರಡು ಹೆಸರು ಹೇಳ್ರಿ.

'ಅಣ್ಣಾ, ಅರ್ಜಿ ಕನ್ನಡದಾಗೇ ಯಾಕ ಬರೀಬಾರದು?' ಅಂತ ಆಗಲೇ ಒಬ್ಬ ತಂಗಿ ಕೇಳಿದ್ಲು. ಬರೀಬಹುದವ್ವಾ. ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆಯ ಮನವಿಯನ್ನ ಕೇಂದ್ರದಾಗ ಅಥವಾ ಆ ರಾಜ್ಯದಾಗ ಬಳಕೆಯಲ್ಲಿರೋ ಯಾವ ಭಾಷೆಯೊಳಗೂ ಕೊಡೋ ಹಕ್ಕು ಐತಿ. ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ 350ಎ, ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ 350ಬಿ, ಎರಡೂ 1956ರ ಏಳನೇ ತಿದ್ದುಪಡಿಯಿಂದ ಬಂದವು. ಕನ್ನಡದಾಗೇ ಬರೀರಿ. ಆದ್ರ ಕಡತ ದಿಲ್ಲಿ ತನಕ ಹೋಗೋದ್ರಾಗ ಯಾರೋ ಒಬ್ಬರು ಅದನ್ನ ಇಂಗ್ಲಿಷಿಗೆ ತಿರುವತಾರ. ಆ ತಿರುವಿದ್ದನ್ನ ಓದಿ, 'ನಮ್ಮ ತಾರೀಖು ಬದು ದಾಟೇದ' ಅಂತ ಹಿಡಿಯೋರು ನೀವಾಗಬೇಕು. ನಾನಂತೂ ಈಗ ಕನ್ನಡ ಮೂಲ, ಇಂಗ್ಲಿಷ್ ಅನುವಾದ ಎರಡನ್ನೂ ಜೋಡಿಸಿ ಕಳಸತೀನಿ.

ಚಹಾ ಬಂತು. ಕುಡಿಯೋದ್ರಾಗ ಒಂದು ವಾಕ್ಯ ಇಂಗ್ಲಿಷಿಗೆ ತಿರುವ್ರಿ: 'ಕನ್ನಡ ಶಿಕ್ಷಕರನ್ನ ನೇಮಿಸತೀವಿ ಅಂತ ಹೋದ ವರ್ಷ ಸಭೆಯೊಳಗ ಸ್ಪಷ್ಟವಾಗಿ ಹೇಳಿದ್ರು.' ಹೋದ ವರ್ಷ, ಸಭೆಯೊಳಗ, ಸ್ಪಷ್ಟವಾಗಿ, ಮೂರೂ ಬದುವಿನ ಈಚೆ ಉಳೀಬೇಕು. ಜತ್ತದವರು ಮೊದಲು ತೋರಸ್ರಿ, ನಿಮ್ಮ ಬಸ್ಸೇ ಮುಂಚೆ ಐತಿ.